ಕಲಾಮಾದಲ್ಲಿ ಒಂದು ದಿನ ಇಳಿಯಿರಿ

ಚಿಲಿಯ ಅಟಕಾಮಾ ಮರುಭೂಮಿಗೆ ಹೊರಟವರಲ್ಲಿ ಹೆಚ್ಚಿನವರು ಕಲಾಮಾದಲ್ಲೇ ವಿಮಾನ ಇಳಿಯುತ್ತಾರೆ. ಉಳಿಯುವವರು ಮಾತ್ರ ಕಡಿಮೆ. ಬ್ಯಾಗು ಕೈಗೆ ಸಿಕ್ಕಿದ್ದೇ ತಡ, ನೂರು ಕಿ.ಮೀ. ದೂರದ ಸ್ಯಾನ್ ಪೆಡ್ರೊಗೆ ವ್ಯಾನ್ ಹತ್ತುತ್ತಾರೆ. ಚಂದ್ರ ಕಣಿವೆ, ಉಪ್ಪಿನ ಬಯಲು, ಎಲ್ ತಾತಿಯೊದ ಬಿಸಿನೀರ ಬುಗ್ಗೆಗಳೆಲ್ಲ ಇರುವುದು ಆ ಕಡೆಗೇ. ಕಲಾಮಾದಲ್ಲೇನಿದೆ? ದೂಳು, ಬಿಸಿಲು, ಗಣಿ ಕೆಲಸಗಾರರು. ಚೆಂದದ ಊರಂತೂ ಅಲ್ಲ. ಆದರೆ ಮಳೆಯೇ ಅಪರೂಪವಾದ ಈ ನೆಲದಲ್ಲಿ ಇಷ್ಟು ದೊಡ್ಡ ಊರು ಯಾಕೆ ಬೆಳೆಯಿತು ಎಂಬುದಕ್ಕೆ ಉತ್ತರ ಇರುವುದು ಇಲ್ಲೇ.

ಊರಿಂದ ಹದಿನೈದು ಕಿ.ಮೀ. ಹೋದರೆ ಚುಕಿಕಮಾತಾ ತಾಮ್ರದ ಗಣಿ. ಸುಮಾರು ನಾಲ್ಕೂವರೆ ಕಿ.ಮೀ. ಉದ್ದ, ಮೂರು ಕಿ.ಮೀ. ಅಗಲ, ಆಳವೂ ಒಂದು ಕಿ.ಮೀ.ಗೆ ಹತ್ತಿರ. ಮುನ್ನೂರು ಟನ್‌ಗೂ ಮೀರಿ ಹೊರುವ ಡಂಪರ್‌ಗಳು ಅದರ ಮೆಟ್ಟಿಲುದಾರಿಯಲ್ಲಿ ಇರುವೆಗಳಷ್ಟಾಗಿ ಕಾಣುತ್ತವೆ. ಗುಗೆನ್‌ಹೈಮ್ ಕುಟುಂಬದ ಕಂಪನಿ 1915ರಲ್ಲಿ ಇಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುಮಾಡಿತು. 1971ರಲ್ಲಿ ಅಧ್ಯಕ್ಷ ಅಯೆಂದೆಯ ಸರ್ಕಾರ ಅದನ್ನು ರಾಷ್ಟ್ರೀಕರಿಸಿತು. ಈಗಿನ ಒಡೆಯ ಸರ್ಕಾರಿ ಕಂಪನಿ ಕೊಡೆಲ್ಕೊ. 2019ರಿಂದ ಹೊಂಡದ ಕೆಳಗೆ ಸುರಂಗ ಕೊರೆದೂ ಅದಿರು ತೆಗೆಯುತ್ತಿದ್ದಾರೆ.

ಇಲ್ಲಿ ತಾಮ್ರದ ಆಸೆ ಕಂಪನಿಗಳಿಂದ ಹುಟ್ಟಿದ್ದಲ್ಲ. 1899ರಲ್ಲಿ ಕುಸಿದ ಹಳೆಯ ಸುರಂಗವೊಂದರಲ್ಲಿ ಒಬ್ಬ ಗಣಿಗನ ಶವ ಸಿಕ್ಕಿತು. ಪಕ್ಕದಲ್ಲೇ ಅವನ ಕಲ್ಲಿನ ಸುತ್ತಿಗೆ, ಬುಟ್ಟಿ. ತಾಮ್ರದ ಲವಣ ಹತ್ತಿ ಮೈಯೆಲ್ಲ ಹಸಿರು. ಸತ್ತು ಸಾವಿರಕ್ಕೂ ಹೆಚ್ಚು ವರ್ಷವಾಗಿತ್ತು. ಪಾಪ, ಈಗ ಅವನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದ್ದಾನೆ.

ಗಣಿಯ ಮಗ್ಗುಲಲ್ಲೇ ಒಂದು ಊರಿತ್ತು: ಶಾಲೆ, ಚೌಕ, ಸಿನಿಮಾ ಮಂದಿರ, ಎಲ್ಲ ಇದ್ದ ಊರು. ಹೊಗೆ, ದೂಳು ಅತಿಯಾಯಿತು. ತೆಗೆದ ಕಲ್ಲುಮಣ್ಣು ಸುರಿಯಲು ಗಣಿಗೆ ಜಾಗವೂ ಬೇಕಾಯಿತು. 2008ರ ಹೊತ್ತಿಗೆ ಸಾವಿರಾರು ಜನ ಮನೆಗೆ ಬೀಗ ಹಾಕಿ ಕಲಾಮಾಕ್ಕೆ ಬಂದರು. ಅಲ್ಲಿನ ಆಸ್ಪತ್ರೆ ಅದಾಗಲೇ ಕಲ್ಲುರಾಶಿಯಡಿ ಹೂತುಹೋಗಿತ್ತು. ಗಣಿಯ ಹೊಂಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿ: ಬದುಕು ಕೊಟ್ಟ ಗಣಿಯೇ ಊರನ್ನೂ ನುಂಗಿತು.

ಸ್ಯಾನ್ ಪೆಡ್ರೊ ರಸ್ತೆಯಲ್ಲಿ ವ್ಯಾನ್‌ಗಳು ನಿಲ್ಲಿಸದೇ ದಾಟುವ ಒಂದು ಸ್ಮಾರಕವಿದೆ. 1973ರ ಅಕ್ಟೋಬರಿನಲ್ಲಿ ಸರ್ವಾಧಿಕಾರಿ ಪಿನೊಚೆಯ ಸೈನಿಕರು ಕಲಾಮಾದ 26 ಕೈದಿಗಳನ್ನು ಕೊಂದು ಮರಳಲ್ಲಿ ಹೂತರು. ಅವರ ಹೆಂಡತಿಯರು, ತಾಯಂದಿರು, ಅಕ್ಕತಂಗಿಯರು ಗುದ್ದಲಿ ಹಿಡಿದು ವರ್ಷಗಟ್ಟಲೆ ಮರುಭೂಮಿ ಅಗೆದರು. 1990ರಲ್ಲಿ ಸಿಕ್ಕಿದ್ದು ಮೂಳೆಯ ಚೂರುಗಳು. ಪಾತ್ರಿಸಿಯೊ ಗುಸ್ಮಾನ್ 2010ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಈ ಹೆಂಗಸರನ್ನು ತೋರಿಸಿದ್ದಾರೆ. ಚಾಲಕನಿಗೆ ಹೇಳಿ ಐದು ನಿಮಿಷ ಇಳಿಯಿರಿ.

ಗಣಿ ನೋಡಲು ಕೊಡೆಲ್ಕೊದಲ್ಲಿ ಮುಂಚೆಯೇ ಹೆಸರು ಬರೆಸಬೇಕು. ತುಂಬುತೋಳಿನ ಅಂಗಿ, ಪ್ಯಾಂಟು, ಕಾಲು ಮುಚ್ಚುವ ಶೂ ಇರಲಿ. ಇನ್ನೂ ಹೊತ್ತಿದ್ದರೆ ಲೋವಾ ನದಿಯ ದಂಡೆಯ ಚಿಯು ಚಿಯುಗೆ ಹೋಗಿಬನ್ನಿ. ಅಲ್ಲಿನ ಹಳೆಯ ಚರ್ಚಿನ ಬಾಗಿಲು ಪಾಪಾಸುಕಳ್ಳಿಯ ಹಲಗೆಯದು. ಮುಳ್ಳಿದ್ದ ಕಡೆಯೆಲ್ಲ ಸಾಲುಸಾಲು ತೂತು, ಹಲಗೆಗಳನ್ನು ಬಿಗಿದದ್ದು ತೊಗಲಿನ ಪಟ್ಟಿಯಿಂದ. ಇಷ್ಟೂ ನೋಡಿ ಮರುದಿನ ಬೆಳಿಗ್ಗೆ ಬಸ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಸ್ಯಾನ್ ಪೆಡ್ರೊದಲ್ಲಿರಬಹುದು.