ನಂಬದವನು ನಿಂದ್ಯನೇ?

ಧರ್ಮದಲ್ಲಿ ಶ್ರದ್ಧೆಯಿಲ್ಲದವರನ್ನು ಕಂಡಾಗ ಶ್ರದ್ಧಾವಂತರ ಮನಸ್ಸು ನೋಯುವುದು ಸಹಜ. ಬಸದಿಗೆ ಬಾರದ ಮಗನನ್ನು ತಂದೆ ಜರೆಯುತ್ತಾನೆ. ದಶಲಕ್ಷಣ ಪರ್ವದಲ್ಲೂ ವ್ರತ ಹಿಡಿಯದ ಸೊಸೆಯನ್ನು ಬಂಧುಗಳು ಆಡಿಕೊಳ್ಳುತ್ತಾರೆ. ಆದರೆ ನಂಬಿಕೆ ಮೂಡದಿರುವುದು ಅಪರಾಧವೇ?

ಜೈನಧರ್ಮದಲ್ಲಿ ಸೃಷ್ಟಿಕರ್ತನಾದ ಈಶ್ವರನಿಲ್ಲ. ಆದುದರಿಂದ ತನ್ನನ್ನು ನಂಬಲಿಲ್ಲವೆಂದು ಮುನಿದು ದಂಡಿಸುವವನೂ ಇಲ್ಲ. ವೀತರಾಗನಾದ ಜಿನನಿಗೆ ಸ್ತುತಿಯಿಂದ ಹರ್ಷವಿಲ್ಲ, ನಿಂದೆಯಿಂದ ರೋಷವಿಲ್ಲ. ಅಶ್ರದ್ಧೆಗೆ ಮೂಲ ದರ್ಶನಮೋಹನೀಯ ಕರ್ಮ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಪ್ರಕಾರ ಸಮ್ಯಗ್ದರ್ಶನವು ನಿಸರ್ಗದಿಂದ ಇಲ್ಲವೇ ಅಧಿಗಮದಿಂದ, ಎಂದರೆ ತಾನಾಗಿಯೇ ಅಥವಾ ಪರೋಪದೇಶದಿಂದ ಉಂಟಾಗುತ್ತದೆ. ಎರಡರಲ್ಲಿಯೂ ಒಳಗಿನ ಮೋಹವು ಶಮನಗೊಳ್ಳಲೇಬೇಕು. ಆಜ್ಞೆಯಿಂದಾಗಲಿ ಅವಮಾನದಿಂದಾಗಲಿ ಶ್ರದ್ಧೆ ಹುಟ್ಟದು.

ಹಾಗಾದರೆ ಜೀವಕ್ಕೆ ಹೊಣೆಯೇ ಇಲ್ಲವೇ? ಇದೆ. ಕರ್ಮವನ್ನು ಕಟ್ಟಿಕೊಂಡದ್ದು ಆ ಜೀವವೇ, ಫಲವನ್ನು ಉಣ್ಣುವುದೂ ಅದೇ. ಕೇವಲಿ, ಶ್ರುತ, ಸಂಘ, ಧರ್ಮ, ದೇವ ಇವರಲ್ಲಿ ಇಲ್ಲದ ದೋಷವನ್ನು ಆರೋಪಿಸುವುದರಿಂದ ದರ್ಶನಮೋಹದ ಆಸ್ರವವಾಗುತ್ತದೆಂದು ಅದೇ ಸೂತ್ರಗ್ರಂಥ ಎಚ್ಚರಿಸುತ್ತದೆ. ಆದರೆ ಹೊಣೆ ಬೇರೆ, ದೂಷಣೆ ಬೇರೆ. ಕರ್ಮದ ಲೆಕ್ಕಕ್ಕೆ ನೆರೆಯವನ ಬೈಗುಳದ ನೆರವು ಬೇಕಿಲ್ಲ. ಕೋಪದಿಂದ ದೂಷಿಸಿದವನು ತಾನೇ ಹೊಸ ಬಂಧಕ್ಕೆ ಒಳಗಾಗುತ್ತಾನೆ.

ಪುರಾಣದ ಮರೀಚಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಭರತ ಚಕ್ರವರ್ತಿಯ ಮಗನಾದ ಅವನು ತಾತ ಆದಿನಾಥರೊಡನೆ ದೀಕ್ಷೆ ತಳೆದು, ಪರೀಷಹಗಳನ್ನು ತಾಳಲಾರದೆ ಭ್ರಷ್ಟನಾದನು. ಜೊತೆಯಲ್ಲಿ ಜಾರಿದ ಅನೇಕರು ಸ್ವಾಮಿಯ ಉಪದೇಶದಿಂದ ಮರಳಿ ಬಂದರೂ ಮರೀಚಿ ಬರಲಿಲ್ಲ, ಮಿಥ್ಯಾಮತವನ್ನೇ ಸಾರಿದನು. ಸಾಕ್ಷಾತ್ ತೀರ್ಥಂಕರರ ಸನ್ನಿಧಿಯೂ ಅವನಲ್ಲಿ ಶ್ರದ್ಧೆಯನ್ನು ಮೂಡಿಸಲಿಲ್ಲ. ಬಹುಭವಗಳಲ್ಲಿ ತೊಳಲಿದ ಆ ಜೀವವು ಸಿಂಹವಾಗಿ ಹುಟ್ಟಿ, ಬೇಟೆಯ ಜಿಂಕೆಯನ್ನು ತಿನ್ನುತ್ತಿದ್ದಾಗ ಇಬ್ಬರು ಚಾರಣಮುನಿಗಳು ಅಲ್ಲಿಗೆ ಬಂದರು. ಅದರ ಹಿಂದಿನ ಭವಗಳನ್ನು ತಿಳಿಸಿ ಧರ್ಮವನ್ನು ಬೋಧಿಸಿದರು. ಸಿಂಹದ ಕಣ್ಣಲ್ಲಿ ನೀರು ಹರಿಯಿತು, ಸಮ್ಯಕ್ತ್ವ ಲಭಿಸಿತು. ಅದೇ ಜೀವ ಮುಂದೆ ವರ್ಧಮಾನ ಮಹಾವೀರನಾಗಿ ಜನಿಸಿತು.

ಆದಿ ತೀರ್ಥಂಕರರನ್ನು ನಂಬದವನೇ ಅಂತಿಮ ತೀರ್ಥಂಕರನಾದನೆಂದ ಮೇಲೆ, ಇಂದು ನಂಬದವನನ್ನು ಕೀಳಾಗಿ ಕಾಣುವ ಅಧಿಕಾರ ಯಾರಿಗಿದೆ?

ಶ್ರಾವಕನು ಮಾಡಬೇಕಾದುದು ಸ್ಪಷ್ಟವಾಗಿದೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ. ಉಪದೇಶಕ್ಕೆ ಒಲಿಯದವರಲ್ಲಿ ಮಾಧ್ಯಸ್ಥ್ಯ. ಮಾಧ್ಯಸ್ಥ್ಯವೆಂದರೆ ಕೈಬಿಡುವುದಲ್ಲ, ರಾಗದ್ವೇಷವಿಲ್ಲದೆ ಕಾಯುವುದು. ಶ್ರದ್ಧೆ ಮೂಡುವ ಮುನ್ನ ದೇಶನಾಲಬ್ಧಿ, ಎಂದರೆ ಉಪದೇಶವನ್ನು ಪಡೆಯುವ ಯೋಗ, ಒದಗಬೇಕೆನ್ನುತ್ತದೆ ಆಗಮ. ಮನೆಯಲ್ಲಿ ದಿನವೂ ಜರೆಸಿಕೊಳ್ಳುವ ಮಗನ ಕಿವಿ ಮೊದಲು ಮುಚ್ಚಿಕೊಳ್ಳುವುದು ಧರ್ಮದ ಮಾತಿಗೇ. ಆ ಕಿವಿಯನ್ನು ತೆರೆದಿರಿಸುವುದು ಹಿರಿಯರ ಹೊಣೆ. ಅವರ ಕ್ಷಮೆ, ಸತ್ಯ, ಅಹಿಂಸೆಗಳು ದಿನನಿತ್ಯದ ನಡೆಯಲ್ಲಿ ಕಾಣಿಸಿದರೆ ಅದೇ ಅವನಿಗೆ ಮೊದಲ ಉಪದೇಶ.