ಒರೆಗೆ ಸೇರಿಸುವ ಆ ಕ್ಷಣ

ಶಿವಮೊಗ್ಗ, ಭದ್ರಾವತಿಗಳಲ್ಲಿ ಬೆಳೆ ರಕ್ಷಣೆಗೆ ಕೋವಿ ಪಡೆದವರಿಗೂ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಅನ್ವಯಿಸುತ್ತದೆ. ಕೋವಿಗಿಂತ ಪಿಸ್ತೂಲು ಹೆಚ್ಚು ಎಚ್ಚರ ಬೇಡುವ ಆಯುಧ. ಅದರ ನಳಿಗೆ ಗಿಡ್ಡವಾಗಿರುವುದರಿಂದ ಮಣಿಕಟ್ಟು ತುಸು ಹೊರಳಿದರೂ ಗುರಿ ಮನುಷ್ಯರತ್ತ ತಿರುಗುತ್ತದೆ.

ಅನೇಕ ಪಿಸ್ತೂಲುಗಳ ಪಕ್ಕದಲ್ಲಿರುವ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಪುಟ್ಟ ಕೀಲಿ, ಸವೆಯಬಹುದಾದ ಯಂತ್ರಭಾಗವೇ ಆದ್ದರಿಂದ ಅದನ್ನೇ ನೆಚ್ಚುವುದು ತಪ್ಪು. ರಿವಾಲ್ವರ್‌ಗಳಲ್ಲಿ ಸಾಮಾನ್ಯವಾಗಿ ಈ ಕೀಲಿ ಇರುವುದಿಲ್ಲ. ಅವುಗಳ ಆಧುನಿಕ ಮಾದರಿಗಳಲ್ಲಿ ಟ್ರಿಗರ್ ಒತ್ತದ ಹೊರತು ಹ್ಯಾಮರ್ ಎಂಬ ಬಡಿಗೆಯ ಪೆಟ್ಟು ಗುಂಡಿಗೆ ತಲುಪದಂತೆ ತಡೆಯುವ ಒಳಭಾಗವಿರುತ್ತದೆ. ಪಿಸ್ತೂಲಿನಿಂದ ಗುಂಡುಗಳ ಪೆಟ್ಟಿಗೆಯಾದ ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯ ಹಿಂಬದಿಯ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದೆಂಬುದನ್ನು ಮರೆಯುವುದು ಪ್ರಾಣಾಂತಕ.

ಹೋಲ್ಸ್ಟರ್, ಅಂದರೆ ಒರೆ, ಗಟ್ಟಿಯಾಗಿದ್ದು ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಆಯುಧವನ್ನು ಒಳಗಿಡುವಾಗ ಬೆರಳು ಟ್ರಿಗರ್‌ನಿಂದ ದೂರವಿರಬೇಕು. ಅಂಗಿಯ ಅಂಚು ಸಿಕ್ಕಿಕೊಂಡು ಟ್ರಿಗರನ್ನು ಎಳೆಯಬಹುದಾದ್ದರಿಂದ ಕಣ್ಣಿಟ್ಟು, ನಿಧಾನವಾಗಿ ಇಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಆಯುಧ ಝಳಪಿಸುವುದನ್ನು ನಿಷೇಧಿಸಿವೆ. ಪಂಚೆಯ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ರೂಢಿಯನ್ನು ಪರವಾನಗಿದಾರರು ಇಂದೇ ಬಿಡಲಿ. ಮನೆಯಲ್ಲಿ ಆಯುಧವನ್ನು ಖಾಲಿ ಮಾಡಿ, ಗುಂಡುಗಳನ್ನು ಬೇರೆಡೆ ಬೀಗ ಹಾಕಿ ಇಡಲಿ.