ಕೋಲಾರದ ಆಳದಲ್ಲಿ ಬಿದ್ದ ಗೆರೆಗಳು

ಭೌತವಿಜ್ಞಾನಿಗಳ ಪಾಲಿಗೆ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ, ವಾತಾವರಣದ ನ್ಯೂಟ್ರಿನೊ ಎಂಬ ಕಣ ಸಿಕ್ಕ ಊರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ತಂಡ ಈ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಅವು ಸಿಕ್ಕವು.

ಆಗ ದತ್ತಾಂಶವೆಂದರೆ ಫೋಟೊ. ಕಣ ಹಾದುಹೋದ ಕೂಡಲೇ ನಿಯಾನ್ ತುಂಬಿದ ಗಾಜಿನ ಕೊಳವೆಗಳಿಗೆ ಹೈವೋಲ್ಟೇಜ್ ಹರಿಯುತ್ತಿತ್ತು. ಕಣದ ದಾರಿಯಲ್ಲಿದ್ದ ಕೊಳವೆಗಳಷ್ಟೇ ಮಿನುಗುತ್ತಿದ್ದವು. ಆ ಸಾಲನ್ನು ಕ್ಯಾಮೆರಾ ಫಿಲ್ಮಿಗಿಳಿಸುತ್ತಿತ್ತು. ಗೆರೆಯ ಕೋನ ಅಳೆಯುವುದು ಆಮೇಲಿನ ಕೆಲಸ.

ಕೆಲವು ಗೆರೆಗಳು ವಿಚಿತ್ರವಾಗಿದ್ದವು. ಹಿಂದಕ್ಕೆ ಎಳೆದು ನೋಡಿದರೆ ಎರಡು ಮೂರು ಗೆರೆಗಳು ಬಂಡೆಗೂ ಉಪಕರಣಕ್ಕೂ ನಡುವಿನ ಬರಿಗಾಳಿಯಲ್ಲಿ ಕೂಡುತ್ತಿದ್ದವು. ಬಂಡೆಯಲ್ಲಿ ಹುಟ್ಟಿದ ಹೊಸ ಕಣವೊಂದು ಅಲ್ಲಿಯವರೆಗೆ ಬಂದು ಒಡೆದಿರಬಹುದೇ? ಎಂ.ಆರ್. ಕೃಷ್ಣಸ್ವಾಮಿ, ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ ಮತ್ತು ಸಂಗಡಿಗರು 1975ರಲ್ಲಿ ಹಾಗೆಂದು ಪ್ರಕಟಿಸಿದರು. ‘ಕೋಲಾರ ಘಟನೆಗಳು’ ಎಂದೇ ಅವಕ್ಕೆ ಹೆಸರಾಯಿತು. ಯುರೋಪಿನ ಸರ್ನ್, ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯಗಳಲ್ಲಿ ಹುಡುಕಿದರೂ ಆ ಕಣ ಸಿಗಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿಹೋಯಿತು.

2014ರಲ್ಲಿ ಚೆನ್ನೈನ ಗಣಿತವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ, ಜಿ. ರಾಜಶೇಖರನ್ ಅದೇ ಘಟನೆಗಳನ್ನು ಮತ್ತೆ ಕೈಗೆತ್ತಿಕೊಂಡರು. ಇವು ಡಾರ್ಕ್ ಮ್ಯಾಟರ್ ಕಣಗಳು ಒಡೆದ ಗುರುತೇ ಎಂಬುದು ಅವರ ಪ್ರಶ್ನೆ. ಉತ್ತರ ಇನ್ನೂ ತೀರ್ಮಾನವಾಗಿಲ್ಲ. ಆದರೆ ಪ್ರಶ್ನೆ ಕೇಳಲು ಸಾಧ್ಯವಾದದ್ದೇ ಮೊದಲ ತಂಡ ಕಂಡದ್ದನ್ನು ವಿವರವಾಗಿ ಬರೆದಿಟ್ಟಿದ್ದರಿಂದ. ನನಗೆ ಇದು ಆ ಪ್ರಯೋಗದ ದೊಡ್ಡತನವೆನಿಸುತ್ತದೆ.

ಹೊರದೇಶಗಳಲ್ಲೂ ಹಳೆಯ ದತ್ತಾಂಶ ಕಲಿಸಿದ ಇಂಥ ಪಾಠಗಳಿವೆ. ಜರ್ಮನಿಯ ಡೆಸಿ ಪ್ರಯೋಗಾಲಯದ ಜೇಡ್ ಪ್ರಯೋಗ 1986ರಲ್ಲಿ ಮುಗಿದಿತ್ತು. ದಶಕದ ಬಳಿಕ ಸೀಗ್‌ಫ್ರೀಡ್ ಬೆಥ್ಕೆ ಮತ್ತು ಜೊತೆಗಾರರು ಅದರ ದತ್ತಾಂಶವನ್ನೂ ಓದುವ ಪ್ರೋಗ್ರಾಮುಗಳನ್ನೂ ಬದುಕಿಸಿ, ಪರಮಾಣು ಬೀಜವನ್ನು ಹಿಡಿದಿಡುವ ಪ್ರಬಲ ಬಲ ಶಕ್ತಿ ಹೆಚ್ಚಿದಂತೆ ಕುಗ್ಗುವ ಬಗೆಯನ್ನು ಹೊಸ ಸಿದ್ಧಾಂತದ ನೆರವಿನಿಂದ ಅಳೆದರು. ಬರೀ ಅಂಕಿ ಕಾಪಿಟ್ಟರೆ ಸಾಲದು. ಅದನ್ನು ಓದುವ ಪ್ರೋಗ್ರಾಮು, ಉಪಕರಣದ ಅಳತೆ, ಬಲ್ಲವರ ಟಿಪ್ಪಣಿ ಎಲ್ಲವೂ ಜೊತೆಗಿರಬೇಕು. 2014ರ ನವೆಂಬರಿನಲ್ಲಿ ಸರ್ನ್ ತನ್ನ ದತ್ತಾಂಶ ಭಂಡಾರವನ್ನು ಎಲ್ಲರಿಗೂ ತೆರೆದಾಗ ದತ್ತಾಂಶದ ಜೊತೆ ಇವನ್ನೂ ಕೊಟ್ಟಿತು. 2016ರಲ್ಲಿ ಅಲ್ಲಿನ ಸಿಎಂಎಸ್ ಪ್ರಯೋಗವೊಂದೇ 300 ಟೆರಾಬೈಟ್‌ಗೂ ಮಿಕ್ಕ ದತ್ತಾಂಶ ಬಿಡುಗಡೆ ಮಾಡಿತು. ಮರುವರ್ಷ ಅಮೆರಿಕದ ಎಂಐಟಿಯ ಜೆಸ್ಸಿ ಥಾಲರ್ ತಂಡ, ಆ ಪ್ರಯೋಗದ ಹೊರಗಿದ್ದುಕೊಂಡೇ, 2010ರ ದತ್ತಾಂಶದಿಂದ ಸಂಶೋಧನೆ ಪ್ರಕಟಿಸಿತು.

ಕೋಲಾರದ ಫಿಲ್ಮು, ಲಾಗ್‌ಬುಕ್, ಉಪಕರಣದ ನಕ್ಷೆ ಎಲ್ಲಿ ಏನು ಉಳಿದಿದ್ದರೂ ಸ್ಕ್ಯಾನ್ ಮಾಡಿಸಿ ಅಂಥದೇ ತೆರೆದ ಭಂಡಾರದಲ್ಲಿಡಬೇಕು. ಗಣಿಗಿಳಿದು ದುಡಿದವರು ಹೇಳಬಲ್ಲದ್ದನ್ನು ಅವರಿರುವಾಗಲೇ ದಾಖಲಿಸಿಕೊಳ್ಳಬೇಕು.